ಹಿಟ್ಲರ್ ಕಾಲದ ಪೋಸ್ಟ್ ಕಾರ್ಡ್ ಕೈಗೆ ಸಿಕ್ಕರೆ ಘೋಷಣೆಯನ್ನು ಕೊನೆಗೆ ಓದಿ

ನನ್ನ ಮೊದಲ ಜರ್ಮನ್ ಕಾರ್ಡ್ ಸಿಕ್ಕಿದ್ದು ಇಲ್ಲೇ ಬೆಳಗಾವಿಯ ಒಂದು ರದ್ದಿ ಅಂಗಡಿಯಲ್ಲಿ. ಕ್ಯಾಂಪ್ ಕಡೆ ಯಾವುದೋ ಹಳೇ ಬಂಗಲೆ ಖಾಲಿ ಮಾಡಿದ ಸಾಮಾನು ಬಂದಿತ್ತು. ಇಂಗ್ಲಿಷ್ ಮ್ಯಾಗಝಿನ್ ಕಟ್ಟು, ಒಂದು ಹರಿದ ಅಟ್ಲಾಸ್, ಅದರೊಳಗೆ ಒಂದಕ್ಷರ ಬರೆಯದ ಮಾಸಲು ಕಾರ್ಡ್. ಬಲ ಮೂಲೆಯಲ್ಲಿ ನೇರಳೆ ಬಣ್ಣದ ಹಿಟ್ಲರ್ ಮುಖ, ಎಡಗಡೆ ಉದ್ದುದ್ದ ಜರ್ಮನ್ ಸಾಲು. ನನ್ನ ಮುಖ ನೋಡಿಯೇ ಅಂಗಡಿಯವರು "ತಮ್ಮಾ, ಫಾರಿನ್ ಮಾಲು ಅದ, ಹತ್ತು ರೂಪಾಯಿಗೆಲ್ಲಾ ಬಿಡಾಂಗಿಲ್ಲ ನೋಡು" ಅಂದರು. ಐವತ್ತು ಕೊಟ್ಟೆ. ಆ ಸಾಲು ನಾಜಿ ಪ್ರಚಾರವೇ ಇರಬೇಕು ಅಂತ ಮನೆಗೆ ತಂದು, ಮೊಬೈಲಿನಲ್ಲಿ ನಿಘಂಟು ತೆಗೆದು, ರಾತ್ರಿಯೆಲ್ಲಾ ಒಂದೊಂದೇ ಪದ ಬಿಡಿಸಿದೆ. ಅರ್ಥ ಏನು ಬಂತು ಗೊತ್ತಾ? "ಬೀದಿ, ಮನೆ ನಂಬರು, ಕಟ್ಟಡದ ಭಾಗ, ಮಹಡಿ ಅಥವಾ ಅಂಚೆ ಪೆಟ್ಟಿಗೆ ಸಂಖ್ಯೆ." ಕಳಿಸುವವರ ವಿಳಾಸ ತುಂಬೋ ಜಾಗ, ಅಷ್ಟೇ!

ಹೊಸಬರು ಎಲ್ಲರೂ ಹೀಗೆ ಒಮ್ಮೆಯಾದರೂ ಬೀಳುತ್ತಾರೆ. ನಾಜಿ ಸರ್ಕಾರ ಇಂಥ ಕಾರ್ಡುಗಳ ಮೇಲೆ ಅಚ್ಚು ಹಾಕಿಸುತ್ತಿದ್ದ ಪ್ರಚಾರದ ಘೋಷಣೆ ಹುಡುಕುವ ಆತುರದಲ್ಲಿ ಕಾರ್ಡನ್ನೇ ನೋಡುವುದಿಲ್ಲ. ಘೋಷಣೆ ಹೇಳೋದು ಸರ್ಕಾರಕ್ಕೆ ಬೇಕಾದದ್ದನ್ನು. ಕಾರ್ಡು ನಿಜವಾದದ್ದೋ, ಯಾವ ವರ್ಷದ್ದು, ಅಂಚೆಯಲ್ಲಿ ಓಡಿದೆಯೋ ಇಲ್ಲವೋ ಅನ್ನೋದನ್ನು ಹೇಳೋದು ಉಳಿದ ಸಣ್ಣಪುಟ್ಟ ಗುರುತುಗಳು. ಅವನ್ನು ಮೊದಲು ನೋಡಿ.

"ನಾಜಿಗಳ ಸಾಮಾನು ಯಾಕೆ ಕೂಡಿಡ್ತೀಯಪ್ಪಾ?" ಅಂತ ನಿಮ್ಮನ್ನೂ ಕೇಳುತ್ತಾರೆ, ಅದಕ್ಕೂ ತಯಾರಾಗಿರಿ. ಆಲೂಗಡ್ಡೆ ಸಿಗಲಿಲ್ಲ ಅಂತ ತಂಗಿಗೆ ಬರೆಯೋ ಕಾರ್ಡಿನ ಮೇಲೂ ಒಂದು ಸರ್ಕಾರ ಬಂದು ಕೂತು ಕಿವಿಯಲ್ಲಿ ಊದುತ್ತಿತ್ತು ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ನನಗೆ ಕಂಡಿಲ್ಲ. ಹಾಗಂತ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕೋ ವಸ್ತುವೂ ಅಲ್ಲ ಇದು. ನಮ್ಮ ಅವ್ವ ಒಂದು ಕಾರ್ಡಿನಲ್ಲಿ ಹದ್ದಿನ ಕಾಲ ಕೆಳಗಿದ್ದ ಗುರುತು ನೋಡಿ, "ಸ್ವಸ್ತಿಕ ಅದ ಅಲ್ಲೋ, ದೇವರ ಜಗಲಿ ಮ್ಯಾಲೆ ಇಡು" ಅಂದಿದ್ದಳು. ಅವಳಿಗೆ ಬಿಡಿಸಿ ಹೇಳೋದಕ್ಕೆ ಒಂದು ಕಪ್ ಚಹಾದಷ್ಟು ಹೊತ್ತು ಹಿಡಿಯಿತು.

ಈಗ ವಿಷಯಕ್ಕೆ ಬರೋಣ. ನಮ್ಮ ಹಳದಿ ಪೋಸ್ಟ್ ಕಾರ್ಡ್, ನೀಲಿ ಇನ್‌ಲ್ಯಾಂಡ್ ಲೆಟರ್ ನೆನಪಿದೆ ಅಲ್ವಾ? ಅಂಚೆಚೀಟಿ ಅಂಟಿಸಬೇಕಿಲ್ಲ, ಅದರ ಮೇಲೇ ಅಚ್ಚಾಗಿರುತ್ತೆ. ಅಂಥದ್ದಕ್ಕೆ ಜರ್ಮನರು 'ಗಾಂಟ್ಸ್‌ಝಾಖೆ' (Ganzsache) ಅನ್ನುತ್ತಾರೆ. ಆನ್‌ಲೈನ್‌ನಲ್ಲಿ ಹುಡುಕುವಾಗ ಈ ಒಂದು ಪದ ಬಹಳ ಕೆಲಸಕ್ಕೆ ಬರುತ್ತೆ. ಕಾರ್ಡಿನ ಮೇಲೆ ಸಂದೇಶ ಅಚ್ಚು ಹಾಕೋದು ನಮಗೂ ಹೊಸದಲ್ಲ. 2002ರಲ್ಲಿ ನಮ್ಮ ಅಂಚೆ ಇಲಾಖೆ ತಂದ ಮೇಘದೂತ ಕಾರ್ಡ್ 25 ಪೈಸೆಗೆ ಸಿಗುತ್ತಿತ್ತು, ವಿಳಾಸದ ಪಕ್ಕದ ಜಾಗ ಜಾಹೀರಾತಿಗೆ ಕೊಟ್ಟಿದ್ದಕ್ಕೇ ಅಷ್ಟು ಅಗ್ಗ. ಜರ್ಮನ್ ಕಾರ್ಡಿನಲ್ಲಿ ಆ ಜಾಗದಲ್ಲಿ ಸರ್ಕಾರವೇ ಮಾತಾಡುತ್ತಿತ್ತು, ಆದರೆ ಒಂದು ಫೆನಿಗ್ಗೂ, ಅಂದರೆ ಅವರ ಒಂದು ಪೈಸೆಯೂ, ರಿಯಾಯಿತಿ ಇರಲಿಲ್ಲ.

ಮಾರುವವರು ಮೂರು ಬೇರೆ ಬೇರೆ ವಸ್ತುಗಳನ್ನು ಒಂದೇ ಹೆಸರಿನಲ್ಲಿ ಮಾರುತ್ತಾರೆ, ಇಲ್ಲಿ ಹುಷಾರಾಗಿರಿ. ಒಂದು, ಅಂಚೆ ಇಲಾಖೆಯೇ ಚೀಟಿ, ಘೋಷಣೆ ಎರಡನ್ನೂ ಅಚ್ಚು ಹಾಕಿದ ಕಾರ್ಡ್. ಇದೇ ಅಸಲು ವಿಷಯ. ಇನ್ನೊಂದು, ಖಾಸಗಿ ಮುದ್ರಣಾಲಯದ ಚಿತ್ರದ ಕಾರ್ಡ್. ಸೈನಿಕರು, ವಿಮಾನ, ಧ್ವಜ ಇರುತ್ತೆ, ಚೀಟಿ ಮಾತ್ರ ಆಮೇಲೆ ಅಂಟಿಸಿದ್ದು. ಮತ್ತೊಂದು, ಸಾದಾ ಕಾರ್ಡ್, ಅದರ ಮೇಲೆ ಬಿದ್ದ ಅಂಚೆ ಮುದ್ರೆಯಲ್ಲಿ ಘೋಷಣೆ. ಮುದ್ರೆ ಹಾಕೋ ಯಂತ್ರದಲ್ಲಿ ದಿನಾಂಕದ ವೃತ್ತದ ಪಕ್ಕ ಒಂದು ಚೌಕ ಇರುತ್ತಿತ್ತು, ಅದರಲ್ಲಿ ಏನು ಬೇಕಾದರೂ ಕೂರಿಸಬಹುದಿತ್ತು. ಮೂರೂ ಕೂಡಿಡಬಹುದು, ತಪ್ಪೇನಿಲ್ಲ. ಆದರೆ ಮೂರನೆಯದನ್ನು ಮೊದಲನೆಯದರ ರೇಟಿಗೆ ಕೊಳ್ಳಬೇಡಿ.

ಮೊದಲು ನೋಡಬೇಕಾದದ್ದು ಬಲ ಮೂಲೆಯ ಮುಖ. ಯುದ್ಧ ಶುರುವಾದಾಗ ಜರ್ಮನಿಯ ದಿನಬಳಕೆಯ ಚೀಟಿಗಳ ಮೇಲೆ ಇದ್ದದ್ದು ಹಿಟ್ಲರ್ ಅಲ್ಲ, 1934ರಲ್ಲೇ ತೀರಿಕೊಂಡಿದ್ದ ಹಳೇ ರಾಷ್ಟ್ರಾಧ್ಯಕ್ಷ, ಮುದುಕ ಹಿಂಡೆನ್‌ಬುರ್ಗ್. ಅವನ 6 ಫೆನಿಗ್ ಹಸಿರು ಬಣ್ಣದ್ದು. ಹಿಟ್ಲರ್ ತಲೆಯ ದಿನಬಳಕೆ ಚೀಟಿ ಬಂದದ್ದು 1941ರ ಆಗಸ್ಟ್ 1ಕ್ಕೆ, ಅದರಲ್ಲಿ 6 ಫೆನಿಗ್ ನೇರಳೆ. ಹಾಗಾಗಿ ನೇರಳೆ ಹಿಟ್ಲರ್ ಅಚ್ಚಾದ ಕಾರ್ಡಿನ ಮೇಲೆ 1940ರ ಮುದ್ರೆ ಇದ್ದರೆ ಸುಮ್ನೆ ಕೆಳಗಿಟ್ಟು ಚಹಾ ಕುಡಿಯೋಕೆ ಹೋಗಿ. ಉಲ್ಟಾ ಆಗಬಹುದು. ಮನೆಯಲ್ಲಿ ಉಳಿದಿದ್ದ ಹಿಂಡೆನ್‌ಬುರ್ಗ್ ಕಾರ್ಡನ್ನು ಆಮೇಲೆ ಬಳಸಿದವರು ಇದ್ದಾರೆ. ದೇಶದ ಹೆಸರನ್ನೂ ಓದಿ. ಮೊದಲು 'ಡಾಯ್ಚಸ್ ರೈಖ್', ಅಂದರೆ ಜರ್ಮನ್ ಸಾಮ್ರಾಜ್ಯ. 1943ರ ಕೊನೆಯಿಂದ ಹೊಸ ಚೀಟಿಗಳ ಮೇಲೆ 'ಗ್ರೋಸ್‌ಡಾಯ್ಚಸ್ ರೈಖ್', ಅಂದರೆ ಮಹಾ ಜರ್ಮನ್ ಸಾಮ್ರಾಜ್ಯ. ಅಷ್ಟೊತ್ತಿಗೆ ಸ್ಟಾಲಿನ್‌ಗ್ರಾಡ್ ಕದನ ಸೋತಾಗಿತ್ತು, ಇಟಲಿ ಕೈ ಕೊಟ್ಟಾಗಿತ್ತು. ದೇಶ ಚಿಕ್ಕದಾಗುತ್ತಾ ಹೋದ ಹಾಗೆ ಹೆಸರು ದೊಡ್ಡದಾಯಿತು!

ಆಮೇಲೆ ದರ. ಇದು ಸುಮಾರು ಜನ ಬಿಟ್ಟುಬಿಡೋ ಲೆಕ್ಕ, ನನಗೆ ಮಾತ್ರ ಬಹಳ ಇಷ್ಟ. ದೇಶದೊಳಗೆ ಕಾರ್ಡಿಗೆ 6 ಫೆನಿಗ್, ಅದೇ ಊರೊಳಗಾದರೆ 5, ಹೊರದೇಶಕ್ಕೆ 15. ಕೆಲವು ನೆರೆ ದೇಶಗಳಿಗೆ ಅಗ್ಗದ ದರ ಇತ್ತು. 6 ಫೆನಿಗ್ ಕಾರ್ಡ್ ದೂರದ ದೇಶಕ್ಕೆ ಹೋಗಿದೆ ಅಂದರೆ ಪಕ್ಕದಲ್ಲಿ ಇನ್ನೂ 9 ಫೆನಿಗ್ ಚೀಟಿ ಅಂಟಿಸಿರಬೇಕು. ಇಲ್ಲ ಅಂದರೆ ಯಾಕಿಲ್ಲ ಅಂತ ಕೇಳಿ. ಜವಾಬಿ ಕಾರ್ಡ್ ಕೂಡ ಇದ್ದವು, ನಮ್ಮ ಹಳೇ ಜವಾಬಿ ಪೋಸ್ಟ್ ಕಾರ್ಡಿನ ಥರವೇ ಎರಡು ಕಾರ್ಡು ಕೂಡಿಸಿದ್ದು. ಎರಡೂ ಹರಿಯದೆ ಜೋಡಿಯಾಗಿ ಸಿಕ್ಕರೆ ಬಿಡಬೇಡಿ.

ಅಕ್ಷರದ ಆಕಾರ ಇನ್ನೊಂದು ಒಳ್ಳೆ ಸಾಕ್ಷಿ. ಹಳೇ ಜರ್ಮನ್ ಅಚ್ಚಿನ ಅಕ್ಷರ ಚೂಪು ಚೂಪಾಗಿ ಮುರಿದಂತೆ ಇರುತ್ತೆ, ಫ್ರಾಕ್ಟೂರ್ ಅಂತಾರೆ. ನಾಜಿಗಳು ಅದನ್ನು ನಮ್ಮದೇ ಅಸಲಿ ಜರ್ಮನ್ ಲಿಪಿ ಅಂತ ತಲೆ ಮೇಲೆ ಹೊತ್ತು ಮೆರೆಸಿದರು. ಮೆರೆಸಿದವರೇ 1941ರ ಜನವರಿ 3ರಂದು ಸುತ್ತೋಲೆ ಹೊರಡಿಸಿ, ಅದು ಯಹೂದಿಗಳ ಅಕ್ಷರ, ಇನ್ನು ಬಳಸಬೇಡಿ ಅಂದರು. ಸಹಿ ಹಿಟ್ಲರ್‌ನ ಆಪ್ತ ಮಾರ್ಟಿನ್ ಬೋರ್ಮನ್‌ನದು. ಅಲ್ಲಿಂದ ಮುಂದೆ ಸರ್ಕಾರಿ ಅಚ್ಚು ನಿಧಾನಕ್ಕೆ ದುಂಡಗಿನ ರೋಮನ್ ಅಕ್ಷರಕ್ಕೆ ತಿರುಗಿತು. ರಾತ್ರೋರಾತ್ರಿ ಆಗಲಿಲ್ಲ, ಹಳೇ ಸ್ಟಾಕ್ ಓಡುತ್ತಲೇ ಇತ್ತು. ಕೈಬರಹದಲ್ಲೂ ಹಾಗೇ. ಜ್ಯೂಟರ್‌ಲೀನ್ ಅನ್ನೋ ಶಾಲೆಯ ಬರಹವನ್ನೂ ಅದೇ ವರ್ಷ ಬಿಡಿಸಿದರು, ಆದರೆ ವರ್ಷಗಟ್ಟಲೆ ಹಾಗೇ ಬರೆದ ಕೈ ಸುತ್ತೋಲೆ ಬಂತು ಅಂತ ಬದಲಾಗುತ್ತಾ? ಸಾಲು ಪೂರ್ತಿ ಅಂಕುಡೊಂಕು ಗೆರೆ ಥರ ಕಂಡರೆ ಹೆದರಬೇಡಿ, ಅದು ಜ್ಯೂಟರ್‌ಲೀನ್. ಅದರ ಅಕ್ಷರಮಾಲೆ ಒಂದು ಹಾಳೆಗೆ ಪ್ರಿಂಟ್ ತೆಗೆದು ಮೇಜಿಗೆ ಅಂಟಿಸಿಕೊಳ್ಳಿ, ಹದಿನೈದು ದಿನಕ್ಕೆ ಓದೋಕೆ ಬರುತ್ತೆ.

ಕಾಗದ ಬೆರಳಿಗೇ ಗೊತ್ತಾಗುತ್ತೆ. ಕಾರ್ಡಿನ ಅಳತೆ 148 ಗುಣಿಸು 105 ಮಿಲಿಮೀಟರ್, ಸ್ಕೇಲ್ ಇಟ್ಟು ನೋಡಿ. ಯಾರಾದರೂ ಅಂಚು ಕತ್ತರಿಸಿ ನೀಟಾಗಿ ಮಾಡಿದ್ದರೆ ಇಲ್ಲೇ ಸಿಕ್ಕಿಬೀಳುತ್ತೆ. ಯುದ್ಧ ಮುಂದುವರಿದ ಹಾಗೆ ಕಾಗದ ತೆಳುವಾಗಿ, ಬೂದಿ ಬಣ್ಣಕ್ಕೆ, ಒರಟಾಗಿ ಹೋಯಿತು. 1944ರ ಕಾರ್ಡ್ ಅಂತ ಹಾಲಿನಂತೆ ಬೆಳ್ಳಗಿರೋದನ್ನು ಕೊಟ್ಟರೆ ನೋಟು ಚೆಕ್ ಮಾಡೋ ನೀಲಿ ಟಾರ್ಚ್ ಹಾಕಿ ನೋಡಿ, ಖಡೇ ಬಜಾರಿನಲ್ಲಿ ಎಲ್ಲಿ ಕೇಳಿದರೂ ಸಿಗುತ್ತೆ. ಹೊಸ ಕಾಗದದಲ್ಲಿ ಬೆಳ್ಳಗೆ ಕಾಣಿಸೋ ರಾಸಾಯನಿಕ ಇರುತ್ತೆ, ಆ ಬೆಳಕಿಗೆ ಝಗ್ ಅಂತ ಹೊಳೆಯುತ್ತೆ. ಯುದ್ಧಕಾಲದ ಕಾಗದಕ್ಕೆ ಅದನ್ನು ಹಾಕುತ್ತಿರಲಿಲ್ಲ, ಹಾಗಾಗಿ ಅದು ಮಂಕಾಗೇ ಇರುತ್ತೆ. ಜೊತೆಗೆ ಹತ್ತು ಪಟ್ಟು ದೊಡ್ಡದು ಮಾಡೋ ಭೂತಗನ್ನಡಿ ಇಟ್ಟುಕೊಳ್ಳಿ. ಹಳೇ ಅಚ್ಚಿನಲ್ಲಿ ಗೆರೆ ಗಟ್ಟಿಯಾಗಿ, ಒಂದೇ ಬಣ್ಣದಲ್ಲಿ ಇರುತ್ತೆ. ಗೆರೆ ಒಡೆದು ಕೆಂಪು, ನೀಲಿ, ಹಳದಿ ಚುಕ್ಕಿಗಳಾಗಿ ಕಂಡರೆ ಅದು ಕಂಪ್ಯೂಟರ್ ಪ್ರಿಂಟ್. ನಾನು ಇದನ್ನು ಕಲಿತದ್ದು ಎರಡು ಸಾವಿರ ಕಳಕೊಂಡ ಮೇಲೆ. ಒಬ್ಬ ಆನ್‌ಲೈನ್ ವ್ಯಾಪಾರಿ ಕಳಿಸಿದ 'ಅಪರೂಪದ' ಮೂರು ಕಾರ್ಡು ಟಾರ್ಚ್ ಬೆಳಕಿಗೆ ಟ್ಯೂಬ್‌ಲೈಟ್ ಥರ ಹೊಳೆದವು. ಫೋನ್ ಮಾಡಿದರೆ ಎತ್ತಲೇ ಇಲ್ಲ.

ಮುದ್ರೆಯಲ್ಲಿ ದಿನ, ತಿಂಗಳು, ವರ್ಷ, ಆಮೇಲೆ ಗಂಟೆ ಇರುತ್ತೆ. ಊರ ಹೆಸರಿನ ಜೊತೆ ವೃತ್ತದೊಳಗೆ ಒಂದು ಸಂಖ್ಯೆ ಕಂಡರೆ ಅದು ಜರ್ಮನಿಯ ಮೊದಲ ಪಿನ್‌ಕೋಡ್. 1941ರಲ್ಲಿ ಪಾರ್ಸೆಲ್‌ಗೆ ಶುರು ಮಾಡಿ, ಆಮೇಲೆ ಕಾಗದ ಪತ್ರಗಳಿಗೂ ತಂದರು. ಅನುಭವಸ್ಥ ಸಿಬ್ಬಂದಿ ಯುದ್ಧಕ್ಕೆ ಹೋದ ಮೇಲೆ, ಊರುಗಳ ಭೂಗೋಳ ಗೊತ್ತಿಲ್ಲದವರೂ ಬಟವಾಡೆ ವಿಂಗಡಿಸಬೇಕಲ್ಲ! ಏಪ್ರಿಲ್ 20ರ ಮುದ್ರೆ ಇದ್ದರೆ ಸ್ವಲ್ಪ ಅನುಮಾನದಿಂದಲೇ ನೋಡಿ. ಅದು ಹಿಟ್ಲರ್ ಹುಟ್ಟಿದ ದಿನ, ಅವನ ಹುಟ್ಟೂರು ಬ್ರೌನೌದಲ್ಲಿ ಸಂಗ್ರಾಹಕರು ಸಾಲು ನಿಂತು ಮುದ್ರೆ ಹಾಕಿಸುತ್ತಿದ್ದರು. ನಮ್ಮ ಫಸ್ಟ್ ಡೇ ಕವರ್ ಥರ. ನಕಲಿ ಅಲ್ಲ, ಆದರೆ ಆ ಕಾರ್ಡು ಅಂಚೆಯಣ್ಣನ ಚೀಲ ನೋಡಿಲ್ಲ. ನನಗೆ ಅಂಥದ್ದಕ್ಕಿಂತ ಮೂಲೆ ಮಡಚಿದ, ಚಹಾ ಚೆಲ್ಲಿದ ಕಾರ್ಡೇ ವಾಸಿ.

ಚೀಟಿಯೇ ಇಲ್ಲದ, ಊರ ಹೆಸರೂ ಇಲ್ಲದ ಕಾರ್ಡ್ ಸಿಕ್ಕರೆ ಅದು ಫೆಲ್ಡ್‌ಪೋಸ್ಟ್, ಸೈನಿಕರ ಅಂಚೆ. ಅವರಿಗೆ ಕಾರ್ಡು, ಕಾಗದ ಬಿಟ್ಟಿ. ವಿಳಾಸದಲ್ಲಿ ಐದು ಅಂಕಿಯ ಸಂಖ್ಯೆ ಮಾತ್ರ, ಯಾಕಂದ್ರೆ ಪಡೆ ಎಲ್ಲಿದೆ ಅಂತ ಯಾರಿಗೂ ಗೊತ್ತಾಗಬಾರದು. ಆ ಐದು ಅಂಕಿ ಯಾವ ಪಡೆಯದು ಅಂತ ಪಟ್ಟಿಗಳು ಸಿಗುತ್ತವೆ, ದಿನಾಂಕ ಇಟ್ಟುಕೊಂಡು ಹುಡುಕಿದರೆ ಬರೆದವನು ಎಲ್ಲಿದ್ದ ಅಂತ ಸುಮಾರಾಗಿ ಹೇಳಬಹುದು. ಹೊರದೇಶಕ್ಕೆ ಹೋದದ್ದರ ಮೇಲೆ ಸೆನ್ಸಾರ್ ಗುರುತು ಇರುತ್ತೆ, ಹದ್ದಿನ ಮುದ್ರೆ, ಅದರಲ್ಲಿ ಒಂದು ಸಣ್ಣ ರೋಮನ್ ಅಕ್ಷರ. ಬಿ ಇದ್ದರೆ ಬರ್ಲಿನ್, ಸಿ ಕಲೋನ್, ಡಿ ಮ್ಯೂನಿಕ್, ಇ ಫ್ರಾಂಕ್‌ಫರ್ಟ್, ಜಿ ವಿಯೆನ್ನಾ.

ನಮ್ಮ ಭಾಗದವರಿಗೆ ಒಂದು ವಿಶೇಷ ಮಾತು. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಬೆಳಗಾವಿಯಲ್ಲೇ ಇದೆ. ಅದರ ಪಲ್ಟನ್‌ಗಳು ಎರಿಟ್ರಿಯಾ, ಉತ್ತರ ಆಫ್ರಿಕಾ, ಇಟಲಿಯಲ್ಲೆಲ್ಲಾ ಕಾದಾಡಿವೆ. ಆ ರಣರಂಗಗಳಲ್ಲಿ ಸಾವಿರಾರು ಭಾರತೀಯ ಸಿಪಾಯಿಗಳು ಸೆರೆ ಸಿಕ್ಕಿದ್ದರು. ಹಾಗಾಗಿ ಸುತ್ತಲ ಹಳ್ಳಿಗಳ ಟ್ರಂಕಿನಲ್ಲಿ ಯುದ್ಧಕೈದಿಯ ಕಾಗದ ಇರೋ ಸಂಭವ ಇದೆ. ಮೇಲೆ 'ಕ್ರೀಗ್ಸ್‌ಗೆಫಾಂಗೆನೆನ್‌ಪೋಸ್ಟ್' ಅಂತ ಉದ್ದದ ಪದ, ಜೊತೆಗೆ 'ಗೆಪ್ರ್ಯೂಫ್ಟ್' ಅಂದರೆ 'ಪರೀಕ್ಷಿಸಿದೆ' ಅನ್ನೋ ಮುದ್ರೆ. ಇದರಲ್ಲಿ ಘೋಷಣೆ ಇರೋದಿಲ್ಲ. ಆದರೆ ನನ್ನನ್ನು ಕೇಳಿದರೆ ಹಿಟ್ಲರ್ ಮುಖದ ನೂರು ಕಾರ್ಡಿಗಿಂತ ಇಂಥದ್ದೊಂದು ಮೇಲು. ಸಿಕ್ಕರೆ ಆ ಮನೆಯವರಿಂದ ಕೊಳ್ಳೋಕೆ ಹೋಗಬೇಡಿ, ಫೋಟೋ ತೆಗೆದುಕೊಳ್ಳಿ, ಒಂದು ಒಳ್ಳೆ ಕವರ್‌ನಲ್ಲಿ ಹಾಕಿ ಅವರ ಹತ್ತಿರವೇ ಇಡೋಕೆ ಹೇಳಿ. ಅದೂ ಅಲ್ಲದೆ ನಮ್ಮ ಕಾನೂನಿನಲ್ಲಿ 75 ವರ್ಷ ದಾಟಿದ, ಚರಿತ್ರೆಯ ಮಹತ್ವ ಇರೋ ದಾಖಲೆ ಪುರಾತನ ವಸ್ತು ಅನಿಸಿಕೊಳ್ಳುತ್ತೆ, ಅಂಥದ್ದನ್ನು ಹೊರದೇಶಕ್ಕೆ ಮಾರಿ ಕಳಿಸುವ ಹಾಗಿಲ್ಲ.

ಆಜಾದ್ ಹಿಂದ್ ಚೀಟಿಗಳ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಸುಭಾಷ್‌ಚಂದ್ರ ಬೋಸರ ಚಳವಳಿಗಾಗಿ ಬರ್ಲಿನ್ನಿನ ಸರ್ಕಾರಿ ಮುದ್ರಣಾಲಯದಲ್ಲಿ 1943ರಲ್ಲಿ ಅಚ್ಚಾದವು ಅವು. ಚಿತ್ರ ಬರೆದದ್ದು ಆಕ್ಸ್‌ಟರ್ ಹಾಯ್ಟ್‌ಲಾಸ್ ದಂಪತಿ, ಜರ್ಮನ್ ಚೀಟಿಗಳಿಗೂ ಅವರೇ ಬರೆಯುತ್ತಿದ್ದರು. ಆದರೆ ಆ ಚೀಟಿ ಒಂದು ದಿನವೂ ಅಂಚೆಯಲ್ಲಿ ಓಡಲಿಲ್ಲ. ಹಾಗಿದ್ದ ಮೇಲೆ "ನೇತಾಜಿ ಸೈನಿಕನೊಬ್ಬ ಆಜಾದ್ ಹಿಂದ್ ಚೀಟಿ ಹಚ್ಚಿ ಮನೆಗೆ ಕಳಿಸಿದ ಕಾರ್ಡ್" ಅಂತ ಯಾರಾದರೂ ಭಾವುಕರಾಗಿ ಮಾರೋಕೆ ಬಂದರೆ ಏನು ಮಾಡಬೇಕು ಅಂತ ನಾನು ಹೇಳಬೇಕಿಲ್ಲ.

ನಕಲಿಯಲ್ಲೂ ಚರಿತ್ರೆ ಇರೋ ನಕಲಿ ಬೇರೆ. ಬ್ರಿಟಿಷರು 1943ರಲ್ಲಿ 6 ಫೆನಿಗ್ ನೇರಳೆ ಚೀಟಿಯನ್ನು ಹಿಟ್ಲರ್ ಬದಲು ಅವನ ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್ ಮುಖ ಹಾಕಿ ಅಚ್ಚು ಹಾಕಿದರು. ಹಿಮ್ಲರ್ ಯಜಮಾನನ ಕುರ್ಚಿಗೆ ಕಣ್ಣು ಹಾಕಿದ್ದಾನೆ ಅಂತ ಗುಲ್ಲೆಬ್ಬಿಸೋಕೆ. ಅಮೆರಿಕದ ಗೂಢಚಾರರು ಇನ್ನೂ ಮುಂದೆ ಹೋದರು. 1945ರ ಫೆಬ್ರವರಿಯಲ್ಲಿ ಆಸ್ಟ್ರಿಯಾದ ಲಿಂಟ್ಸ್ ಕಡೆ ಹೊರಟಿದ್ದ ಅಂಚೆ ರೈಲಿಗೆ ವಿಮಾನದಿಂದ ಬಾಂಬ್ ಹಾಕಿ, ಚದುರಿದ ಚೀಲಗಳ ನಡುವೆ ನಕಲಿ ಕಾಗದ ತುಂಬಿದ ತಮ್ಮ ಚೀಲ ಬೀಳಿಸಿದರು. ಜರ್ಮನ್ ಅಂಚೆಯವರು ಅವನ್ನೂ ಎತ್ತಿ ಬಟವಾಡೆ ಮಾಡಲಿ ಅಂತ! ಆಪರೇಷನ್ ಕಾರ್ನ್‌ಫ್ಲೇಕ್ಸ್ ಅಂತ ಹೆಸರು. ಇವರದೇ ಇನ್ನೊಂದು ಚೀಟಿಯಲ್ಲಿ ಹಿಟ್ಲರ್ ಕೆನ್ನೆ ಕೊಳೆತು ಬುರುಡೆ ಕಾಣುತ್ತೆ, ದೇಶದ ಹೆಸರಿನ ಜಾಗದಲ್ಲಿ 'ಫುಚೆಸ್ ರೈಖ್', ಹಾಳಾದ ಸಾಮ್ರಾಜ್ಯ. ಈ ನಕಲಿಗಳಿಗೆ ಅಸಲಿಗಿಂತ ಎಷ್ಟೋ ಪಟ್ಟು ಬೆಲೆ, ಅದಕ್ಕೇ ಈ ನಕಲಿಗಳ ನಕಲಿಯೂ ಪೇಟೆ ತುಂಬಾ ಇದೆ. ಪರಿಣತರ ಸರ್ಟಿಫಿಕೇಟ್ ಇಲ್ಲದೆ ಮುಟ್ಟಬೇಡಿ. 1945ರ ಮೇ ನಂತರ, ಹಿಟ್ಲರ್ ಮುಖಕ್ಕೆ ಮಸಿ ಬಳಿದು ಅದೇ ಕಾರ್ಡು ಬಳಸಿದ್ದೂ ಉಂಟು, ಸ್ಯಾಕ್ಸನಿ ಕಡೆ ಜಾಸ್ತಿ. ನೋಡೋಕೆ ಖುಷಿಯಾಗುತ್ತೆ. ಆದರೆ ಮಸಿ ಬಳಿಯೋಕೆ ಎಷ್ಟು ಹೊತ್ತು ಬೇಕು? ನಕಲಿ ಮಾಡೋದು ಬಹಳ ಸುಲಭ.

ಕೊಳ್ಳೋದು ಎಲ್ಲಿ ಅಂದರೆ, ರದ್ದಿ ಅಂಗಡಿಯ ಅದೃಷ್ಟ ಹತ್ತು ವರ್ಷಕ್ಕೊಮ್ಮೆ. ಕರ್ನಾಪೆಕ್ಸ್‌ನಂಥ ಅಂಚೆಚೀಟಿ ಪ್ರದರ್ಶನಗಳಲ್ಲಿ ವ್ಯಾಪಾರಿಗಳ ಮಳಿಗೆ ಇರುತ್ತವೆ, ಕೈಯಲ್ಲಿ ಹಿಡಿದು ನೋಡಬಹುದು. ಆನ್‌ಲೈನಲ್ಲಿ ಜರ್ಮನ್ ಮಾರಾಟಗಾರರ ಫೋಟೋದಲ್ಲಿ ಸ್ವಸ್ತಿಕದ ಮೇಲೆ ಕಪ್ಪು ಪಟ್ಟಿ ಇದ್ದರೆ ಗಾಬರಿಯಾಗಬೇಡಿ, ಅಲ್ಲಿನ ಕಾನೂನಿನಲ್ಲಿ ಆ ಚಿಹ್ನೆ ಪ್ರದರ್ಶಿಸೋದು ಅಪರಾಧ, ಅದಕ್ಕೇ ಫೋಟೋದಲ್ಲಿ ಮುಚ್ಚುತ್ತಾರೆ. ಕಾರ್ಡಿಗೆ ಏನೂ ಆಗಿರೋದಿಲ್ಲ. ಸಾದಾ ಹಿಟ್ಲರ್ ಕಾರ್ಡು ರಾಶಿ ರಾಶಿ ಅಚ್ಚಾಗಿವೆ, ಅಪರೂಪ ಅಂತ ಹೇಳಿದವರ ಮಾತು ನಂಬಬೇಡಿ. ಮಿಖೆಲ್ ಕಂಪನಿಯ ಗಾಂಟ್ಸ್‌ಝಾಖೆ ಕ್ಯಾಟಲಾಗ್ ಹಳೇ ಆವೃತ್ತಿಯಾದರೂ ಪರವಾಗಿಲ್ಲ, ಒಂದು ತರಿಸಿಕೊಳ್ಳಿ.

ಇಡೋದರ ಬಗ್ಗೆ ಬೆಳಗಾವಿಯವರಿಗೆ ಬೇರೆಯೇ ಪಾಠ ಬೇಕು. ಜೂನ್‌ನಲ್ಲಿ ಹಿಡಿದ ಜಿಟಿಜಿಟಿ ಮಳೆ ಬಿಡೋ ಹೊತ್ತಿಗೆ ಕಪಾಟಿನೊಳಗಿನ ಚಪ್ಪಲಿಗೂ ಬೂಸ್ಟು ಬಂದಿರುತ್ತೆ, ಇನ್ನು ಎಂಬತ್ತು ವರ್ಷದ ಕಾಗದ ಬಿಡುತ್ತಾ? ಪಿವಿಸಿ ಕವರ್ ಬೇಡ, ವರ್ಷ ಕಳೆದ ಹಾಗೆ ಅಂಟಂಟಾಗಿ ಮಸಿಯನ್ನೇ ಎಳೆದುಕೊಳ್ಳುತ್ತೆ. ಪಾಲಿಯೆಸ್ಟರ್ ಕವರ್ ತಗೊಳ್ಳಿ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಡಿಕೆ ಇಡಿ, ತಿಂಗಳಿಗೊಮ್ಮೆ ಬದಲಿಸಿ. ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಮಾತ್ರ ಇಡಲೇಬೇಡಿ. ಲ್ಯಾಮಿನೇಷನ್ ಅನ್ನೋ ಯೋಚನೆ ಬಂದರೆ ಆ ಕಾರ್ಡನ್ನು ಬೇರೆ ಯಾರಿಗಾದರೂ ಕೊಟ್ಟುಬಿಡಿ.

ಈಗ ಘೋಷಣೆ. ನನ್ನ ಹತ್ತಿರ ಒಂದು ಕಾರ್ಡಿದೆ, ನೇರಳೆ ಹಿಟ್ಲರ್, ಎಡಗಡೆ ಎರಡು ವಾಕ್ಯ. 'ಡೇರ್ ಫ್ಯೂರರ್ ಕೆಂಟ್ ನೂರ್ ಕಾಂಪ್ಫ್, ಆರ್ಬೈಟ್ ಉಂಟ್ ಝೋರ್ಗೆ' ಅಂತ ಶುರುವಾಗುತ್ತೆ. ನಾಯಕನಿಗೆ ಗೊತ್ತಿರೋದು ಹೋರಾಟ, ದುಡಿಮೆ, ಚಿಂತೆ ಮಾತ್ರ, ಅವನ ಹೊರೆಯಲ್ಲಿ ನಮ್ಮ ಕೈಲಾದಷ್ಟನ್ನು ನಾವು ಹೊರೋಣ ಅಂತ ಅರ್ಥ. ಈ ಘೋಷಣೆಯ ಕಾರ್ಡು ಸಂಗ್ರಾಹಕರಿಗೆ ಚೆನ್ನಾಗಿ ಗೊತ್ತಿರೋದೇ, ಸುಲಭವಾಗಿ ಸಿಗುತ್ತೆ, ಶುರು ಮಾಡೋಕೆ ಒಳ್ಳೆಯದು. ನನ್ನ ಕಾರ್ಡಿನ ಹಿಂದೆ ಪೆನ್ಸಿಲ್ ಬರಹ, ಜ್ಯೂಟರ್‌ಲೀನ್. ಮೂರು ಸಂಜೆ ಕೂತು ಓದಿದೆ. ಸಾಕ್ಸ್ ಬಂತು, ಒಂದು ಮಾತ್ರ ಚಿಕ್ಕದಾಯಿತು, ಉಣ್ಣೆ ಇದ್ದರೆ ಬಿಚ್ಚಿ ಮತ್ತೆ ಹೆಣೆಯುತ್ತೇನೆ ಅಂತ ಯಾರೋ ಒಬ್ಬ ಹೆಂಗಸು ಬರೆದಿದ್ದಾಳೆ. ನಾಯಕನ ಹೊರೆಯ ಮಾತೇ ಇಲ್ಲ.

ಪ್ರತಿ ಕಾರ್ಡಿಗೂ ನೋಟ್‌ಬುಕ್ಕಿನಲ್ಲಿ ಒಂದು ದಾಖಲೆ ಬರೆಯಿರಿ, ಕಾರ್ಡಿನ ಮೇಲೆ ಪೆನ್ನು ತಾಗಿಸಬೇಡಿ. ಈ ಕಾರ್ಡಿಗೆ ನಾನು ಬರೆದದ್ದು ಹೀಗಿದೆ: 6 ಫೆನಿಗ್ ನೇರಳೆ, ದೇಶದೊಳಗಿನ ದರ ಸರಿ ಇದೆ, ರೋಮನ್ ಅಕ್ಷರ, ಮುದ್ರೆ 14.3.44, ಟಾರ್ಚಿಗೆ ಹೊಳೆಯಲಿಲ್ಲ, ಎಡ ಮೂಲೆ ಮಡಚಿದೆ, ಹೆಂಗಸಿನ ಕೈಬರಹ, ಸಾಕ್ಸ್ ವಿಷಯ. ಕೊನೆಯ ಸಾಲು, ಕಳಿಸಿದವರ ವಿಳಾಸದ ಜಾಗದಲ್ಲಿ, ಅದೇ ನನ್ನನ್ನು ಬೇಸ್ತು ಬೀಳಿಸಿದ್ದ ಉದ್ದನೆ ಜರ್ಮನ್ ಪದಗಳ ಮೇಲೆ: ಹಿಂದಿನ ಕಟ್ಟಡ, ಮೂರನೇ ಮಹಡಿ.